ಎಚ್‌ಬಿಎ1ಸಿ: ಹೆಸರಿನಲ್ಲಿಲ್ಲದ ಸಕ್ಕರೆ

ರಕ್ತಪರೀಕ್ಷೆಯ ವರದಿಯಲ್ಲಿ ಎಫ್‌ಬಿಎಸ್ ಎಂದಿದ್ದರೆ ಬರಿಹೊಟ್ಟೆಯ ಸಕ್ಕರೆ, ಪಿಪಿಬಿಎಸ್ ಎಂದಿದ್ದರೆ ಊಟವಾದ ಮೇಲಿನದು, ಆರ್‌ಬಿಎಸ್ ಎಂದಿದ್ದರೆ ಹೊತ್ತುಗೊತ್ತು ನೋಡದೆ ತೆಗೆದದ್ದು. ಮೂರರಲ್ಲೂ ಕೊನೆಯ ‘ಎಸ್’ ಶುಗರ್. ಸೂಜಿ ಚುಚ್ಚಿದ ಹೊತ್ತಿನಲ್ಲಿ ರಕ್ತದಲ್ಲಿ ಎಷ್ಟು ಗ್ಲೂಕೋಸ್ ಇತ್ತೋ ಅಷ್ಟನ್ನು ಹೇಳಿ ಅವು ಸುಮ್ಮನಾಗುತ್ತವೆ. ಅದೇ ಹಾಳೆಯ ಇನ್ನೊಂದು ಸಾಲು ಎಚ್‌ಬಿಎ1ಸಿ. ‘ಮೂರು ತಿಂಗಳ ಶುಗರ್’ ಎಂದು ಎಲ್ಲರೂ ಕರೆಯುವ ಈ ಪರೀಕ್ಷೆಯ ಹೆಸರಿನಲ್ಲಿ ಸಕ್ಕರೆಯನ್ನು ಸೂಚಿಸುವ ಒಂದು ಅಕ್ಷರವೂ ಇಲ್ಲ. ಇರುವುದೆಲ್ಲ ಹಿಮೋಗ್ಲೋಬಿನ್, ಅಂದರೆ ಕೆಂಪು ರಕ್ತಕಣಗಳಲ್ಲಿದ್ದು ಆಮ್ಲಜನಕ ಹೊರುವ ಪ್ರೋಟೀನ್. ಇಷ್ಟು ತಿಳಿದಿದ್ದರೆ ಸಕ್ಕರೆ ಕಾಯಿಲೆಯ ಸುತ್ತ ನಡೆಯುವ ಅರ್ಧ ಗೊಂದಲ ತಾನಾಗಿಯೇ ಕರಗುತ್ತದೆ ಎಂದು ನನ್ನ ನಂಬಿಕೆ.

‘ಎಚ್‌ಬಿ’ ಹಿಮೋಗ್ಲೋಬಿನ್. ‘ಎ’ ಅಡಲ್ಟ್, ಅಂದರೆ ವಯಸ್ಕರದು. ಗರ್ಭದ ಶಿಶುವಿನ ಹಿಮೋಗ್ಲೋಬಿನ್ ಬೇರೆ, ಅದು ‘ಎಫ್’. 1949ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು, ಕೆಂಪು ಕಣಗಳು ಕುಡಗೋಲಿನಂತೆ ಬಾಗುವ ಕುಡಗೋಲು ಕಣ (ಸಿಕಲ್ ಸೆಲ್) ರೋಗಿಗಳ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ರೀತಿ ಚಲಿಸುತ್ತದೆ ಎಂದು ತೋರಿಸಿದರು. ಒಂದು ಕಾಯಿಲೆಯ ಮೂಲವನ್ನು ಒಂದೇ ಅಣುವಿನಲ್ಲಿ ಹಿಡಿದ ಮೊದಲ ಪ್ರಸಂಗ ಅದು. ಆ ಹಿಮೋಗ್ಲೋಬಿನ್ನಿಗೆ ‘ಎಸ್’ ಎಂದು ಹೆಸರಾಯಿತು. ಆಮೇಲೆ ಸಿ, ಡಿ, ಇ ಎಂದು ಸಾಲು ಬೆಳೆಯುತ್ತ ಹೋಯಿತು. ಅಕ್ಷರಗಳು ಸಾಲದಾದಾಗ ವಿಜ್ಞಾನಿಗಳು ಊರಿನ ಹೆಸರುಗಳಿಗೆ ಕೈಹಾಕಿದರು. ಹೀಗೆ ‘ಡಿ ಲಾಸ್ ಏಂಜಲೀಸ್’ ಎಂದೂ ‘ಡಿ ಪಂಜಾಬ್’ ಎಂದೂ ಎರಡು ಹೆಸರುಗಳು ಹುಟ್ಟಿ, ಕೊನೆಗೆ ಎರಡೂ ಒಂದೇ ಎಂದು ತಿಳಿಯಿತು.

ಉಳಿದದ್ದು ‘1ಸಿ’. ಇದರಲ್ಲಿ ಯಾವ ಗುಟ್ಟೂ ಇಲ್ಲ. 1950ರ ದಶಕದ ಕೊನೆಯಲ್ಲಿ ವಯಸ್ಕರ ಹಿಮೋಗ್ಲೋಬಿನ್ನನ್ನು ರಾಳ ತುಂಬಿದ ಕೊಳವೆಯ ಮೂಲಕ ಇಳಿಸಿದಾಗ ಒಂದು ಸಣ್ಣ ಪಾಲು ಮುಖ್ಯ ಭಾಗಕ್ಕಿಂತ ಮೊದಲೇ ಹೊರಬಂತು. ಅದು ಎ1. ಅದರೊಳಗೂ ಹಲವು ತುಣುಕುಗಳಿದ್ದವು; ಹೊರಬಂದ ಸರದಿಯಂತೆ ಅವಕ್ಕೆ ಎ, ಬಿ, ಸಿ ಎಂದು ಗುರುತು ಹಾಕಿದರು. ಲಕ್ಷಾಂತರ ಜನರ ನಿದ್ದೆ ಕೆಡಿಸುವ ಆ ‘ಸಿ’ ಬರೀ ಒಂದು ಸರದಿಯ ಗುರುತು.

ಅದಕ್ಕೂ ಸಕ್ಕರೆ ಕಾಯಿಲೆಗೂ ನಂಟಿದೆ ಎಂದು ಕಂಡವರು ಟೆಹ್ರಾನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ರಹಬರ್. ಅವರು ಹುಡುಕುತ್ತಿದ್ದದ್ದು ಅಪರೂಪದ ಹಿಮೋಗ್ಲೋಬಿನ್‌ಗಳನ್ನು. ಸಿಕ್ಕಿದ್ದು, ವಿದ್ಯುತ್ ಕ್ಷೇತ್ರದಲ್ಲಿ ಓಡಿಸಿದಾಗ ಮಧುಮೇಹಿಗಳ ರಕ್ತದಲ್ಲಿ ಎದ್ದು ಕಾಣುವ ಹಿಮೋಗ್ಲೋಬಿನ್ನಿನ ಒಂದು ಪಟ್ಟೆ; ಅದೇ ಈ ಎ1ಸಿ. 1968ರಲ್ಲಿ ಅದನ್ನು ಪ್ರಕಟಿಸಿದರು. 1976ರಲ್ಲಿ ಅಮೆರಿಕದ ರೊನಾಲ್ಡ್ ಕೋನಿಗ್ ಮತ್ತು ಆಂಟನಿ ಸೆರಾಮಿ ಮೊದಲಾದವರು, ಸಕ್ಕರೆ ಹತೋಟಿಗೆ ಬಂದಂತೆ ಎ1ಸಿ ಪ್ರಮಾಣವೂ ಇಳಿಯುತ್ತದೆ ಎಂದು ತೋರಿಸಿದರು.

ಈಗ ನನಗೆ ಬಹಳ ಇಷ್ಟವಾದ ಭಾಗ. ಕಾವಲಿಯ ಮೇಲೆ ದೋಸೆ ಕೆಂಪಗಾಗುವುದು ಏಕೆ? ಹಿಟ್ಟಿನಲ್ಲಿರುವ ಸಕ್ಕರೆ ಪ್ರೋಟೀನಿನ ಅಮೈನೋ ತುದಿಗೆ ಅಂಟಿಕೊಳ್ಳುವುದರಿಂದ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ ವಿವರಿಸಿದ ಕ್ರಿಯೆ ಇದು. ನಮ್ಮ ರಕ್ತದಲ್ಲೂ ಇದೇ ಕ್ರಿಯೆಯ ಮೊದಲ ಹಂತಗಳು ಹಗಲಿರುಳು ನಡೆಯುತ್ತಿವೆ. ಕಾವಲಿಯ ಬಿಸಿಯಲ್ಲಿ ನಿಮಿಷದಲ್ಲಿ ಆಗುವುದಕ್ಕೆ 37 ಡಿಗ್ರಿಯಲ್ಲಿ ವಾರಗಳು ಹಿಡಿಯುತ್ತವೆ, ಅಷ್ಟೇ. ಗ್ಲೂಕೋಸ್ ಅಣು ಸಾಮಾನ್ಯವಾಗಿ ಉಂಗುರದಂತೆ ಮುಚ್ಚಿಕೊಂಡಿರುತ್ತದೆ. ಸಾವಿರಕ್ಕೊಂದಕ್ಕಿಂತಲೂ ಕಡಿಮೆ ಅಣುಗಳು ಯಾವುದೇ ಕ್ಷಣದಲ್ಲಿ ಬಿಚ್ಚಿಕೊಂಡಿರುತ್ತವೆ. ಬಿಚ್ಚಿದ ಅಣು ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ತುದಿಯಲ್ಲಿರುವ ವ್ಯಾಲೀನ್ ಎಂಬ ಅಮೈನೋ ಆಮ್ಲಕ್ಕೆ ತಗುಲಿಕೊಳ್ಳುತ್ತದೆ. ಈ ಮೊದಲ ಬಂಧ ಸಡಿಲ, ಕಳಚಿಯೂ ಹೋಗಬಹುದು. ಕಳಚದೆ ಉಳಿದದ್ದು ತನ್ನ ಪರಮಾಣುಗಳನ್ನು ಮರುಜೋಡಿಸಿಕೊಂಡು ಗಟ್ಟಿಯಾಗುತ್ತದೆ. ಇದು ಅಮಡೋರಿ ಮಾರ್ಪಾಡು. ಅಲ್ಲಿಂದಾಚೆ ಬಹುಮಟ್ಟಿಗೆ ಬಿಡುಗಡೆಯಿಲ್ಲ.

ಇದಕ್ಕೆ ಯಾವ ಕಿಣ್ವವೂ ಬೇಕಿಲ್ಲ. ಕೆಂಪು ರಕ್ತಕಣದೊಳಕ್ಕೆ ಗ್ಲೂಕೋಸ್ ಹೋಗಲು ಇನ್ಸುಲಿನ್ನಿನ ಅಪ್ಪಣೆಯೂ ಬೇಡ. ರಕ್ತದಲ್ಲಿ ಹೆಚ್ಚಿದ್ದರೆ ಕಣದೊಳಗೂ ಹೆಚ್ಚು. ಕೋಶಕೇಂದ್ರವಿಲ್ಲದ ಆ ಕಣ ಹೊಸ ಹಿಮೋಗ್ಲೋಬಿನ್ ತಯಾರಿಸಲಾರದು. ಹುಟ್ಟುವಾಗ ತಂದದ್ದನ್ನೇ ಸುಮಾರು 120 ದಿನ ಹೊತ್ತು ತಿರುಗುತ್ತದೆ. ಕಾಯಿಲೆ ಇಲ್ಲದವರಲ್ಲೂ ನೂರಕ್ಕೆ ಐದರಷ್ಟು ಹಿಮೋಗ್ಲೋಬಿನ್ ಹೀಗೆ ಸಕ್ಕರೆ ಅಂಟಿಸಿಕೊಂಡಿರುತ್ತದೆ. ಈ ಶೇಕಡಾ ಲೆಕ್ಕವೇ ವರದಿಯ ಎ1ಸಿ ಅಂಕಿ. ಅದು 6.5 ಮುಟ್ಟಿದರೆ ಮಧುಮೇಹ ಎನ್ನುವುದು ವಾಡಿಕೆ. 7 ಎಂದರೆ ಸರಾಸರಿ ಗ್ಲೂಕೋಸ್ ಡೆಸಿಲೀಟರಿಗೆ ಸುಮಾರು 154 ಮಿಲಿಗ್ರಾಂ, 8 ಎಂದರೆ 183.

ಆದ್ದರಿಂದ ಪರೀಕ್ಷೆಗೆ ಎರಡು ದಿನ ಮುಂಚೆ ಅನ್ನ ಬಿಟ್ಟು, ಹಾಗಲಕಾಯಿ ರಸ ಕುಡಿದು ಲ್ಯಾಬಿಗೆ ಹೋಗುವವರಿಗೆ ಎಫ್‌ಬಿಎಸ್ ಮೋಸ ಹೋಗಬಹುದು, ಎ1ಸಿ ಹೋಗುವುದಿಲ್ಲ. ಇದಕ್ಕೆ ಬರಿಹೊಟ್ಟೆಯಲ್ಲಿ ಬರಬೇಕಾಗಿಯೂ ಇಲ್ಲ. ಮೂರೇ ವಾರದಲ್ಲಿ ಎ1ಸಿಯನ್ನು ಅರ್ಧಕ್ಕಿಳಿಸುತ್ತೇವೆ ಎಂಬ ಪುಡಿ, ಕಷಾಯದ ಜಾಹೀರಾತುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಲೆಕ್ಕ ಹಾಕಿ ನೋಡಿ. ಇವತ್ತಿನಿಂದಲೇ ಸಕ್ಕರೆ ಪೂರ್ತಿ ಸರಿಹೋಯಿತು ಎಂದಿಟ್ಟುಕೊಂಡರೂ 21 ದಿನಗಳಲ್ಲಿ ಬದಲಾಗುವುದು ಆರರಲ್ಲಿ ಒಂದು ಪಾಲಿನಷ್ಟು ಕಣಗಳು. ಮಿಕ್ಕ ಕಣಗಳು ಹಳೆಯ ಸಕ್ಕರೆಯನ್ನು ಅಂಟಿಸಿಕೊಂಡೇ ಹರಿಯುತ್ತಿರುತ್ತವೆ. 10 ಇದ್ದದ್ದು 8.5ರ ಆಸುಪಾಸಿಗೆ ಬಂದೀತು. 5ಕ್ಕೆ ಇಳಿದರೆ ಆ ಪುಡಿಗಿಂತ ಮೊದಲು ರಕ್ತಸ್ರಾವವನ್ನು ಅನುಮಾನಿಸಬೇಕು.

ಇದನ್ನು ತಮಾಷೆಗೆ ಹೇಳಲಿಲ್ಲ. ಅಳೆಯುವುದು ಹಿಮೋಗ್ಲೋಬಿನ್ನನ್ನು ಆದ್ದರಿಂದ ಕೆಂಪು ಕಣಗಳ ಆಯುಷ್ಯ ಏರುಪೇರಾದರೆ ಈ ಅಂಕಿಯೂ ದಾರಿ ತಪ್ಪುತ್ತದೆ. ರಕ್ತ ಹೋಗಿದ್ದರೆ, ಕಣಗಳು ಬೇಗ ಒಡೆಯುತ್ತಿದ್ದರೆ ದೇಹದಲ್ಲಿ ಎಳೆಯ ಕಣಗಳೇ ಹೆಚ್ಚು; ರಕ್ತ ಕೊಡಿಸಿದ್ದರೆ ಬೇರೆಯವರ ಕಣಗಳೂ ಸೇರಿರುತ್ತವೆ. ಆಗ ಸಕ್ಕರೆ ಏರಿದ್ದರೂ ಎ1ಸಿ ತಗ್ಗಿ ಕಾಣಬಹುದು. ಕಬ್ಬಿಣದ ಕೊರತೆಯಲ್ಲಿ ಇದಕ್ಕೆ ತಿರುವುಮುರುವು: ಹೊಸ ಕಣಗಳ ಹುಟ್ಟು ನಿಧಾನವಾಗಿ ಹಳೆಯವೇ ಉಳಿದುಕೊಳ್ಳುವುದರಿಂದ ಅಂಕಿ ಏರಿ ಕಾಣಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು. 6.6 ಬಂದಿದೆ ಎಂದು ಕಂಗೆಟ್ಟು ಕುಳಿತ ಹೆಣ್ಣುಮಗಳು ಅದೇ ವರದಿಯಲ್ಲಿ ಬರಿಯ ‘ಎಚ್‌ಬಿ’ ಎಷ್ಟಿದೆ ಎಂದು ನೋಡಿದ್ದಾಳೆಯೇ? ಅದು 8ಕ್ಕೆ ಇಳಿದಿದ್ದರೆ ವೈದ್ಯರನ್ನು ಮೊದಲು ಕೇಳಬೇಕಾದ ಪ್ರಶ್ನೆ ಕಬ್ಬಿಣದ್ದು.

ಇನ್ನು ಕುಡಗೋಲು ಕಣ ರೋಗ. 1952ರಲ್ಲಿ ನೀಲಗಿರಿಯ ಬುಡಕಟ್ಟು ಜನರಲ್ಲಿ ಲೇಮನ್ ಮತ್ತು ಕಟ್‌ಬುಶ್ ಎಂಬ ಸಂಶೋಧಕರು ಇದರ ಗುಣವನ್ನು ಗುರುತಿಸಿದರು. ಚಾಮರಾಜನಗರ, ಮೈಸೂರಿನ ಕಾಡಂಚಿನ ಹಾಡಿಗಳಲ್ಲೂ ಇದು ಇದೆ. ತಂದೆತಾಯಿ ಇಬ್ಬರಿಂದಲೂ ‘ಎಸ್’ ಪಡೆದವರಲ್ಲಿ ‘ಎ’ ಹಿಮೋಗ್ಲೋಬಿನ್ನೇ ಇರುವುದಿಲ್ಲ. ಎ ಇಲ್ಲದ ಮೇಲೆ ಎ1ಸಿ ಎಲ್ಲಿಂದ ಬರಬೇಕು? ಆದರೂ ಯಂತ್ರ ಏನಾದರೊಂದು ಅಂಕಿಯನ್ನು ಮುದ್ರಿಸಿಬಿಡುವುದುಂಟು.

ಅಂಥವರಿಗೆ ಫ್ರಕ್ಟೋಸಮೈನ್ ಎಂಬ ಇನ್ನೊಂದು ಪರೀಕ್ಷೆ ಇದೆ. ಕೆಂಪು ಕಣಗಳ ಗೊಡವೆಗೆ ಹೋಗದೆ, ಆಲ್ಬುಮಿನ್ ಮೊದಲಾದ ಸೀರಂ (ರಕ್ತದ ದ್ರವಭಾಗ) ಪ್ರೋಟೀನುಗಳಿಗೆ ಅಂಟಿದ ಸಕ್ಕರೆಯನ್ನು ಅದು ಅಳೆಯುತ್ತದೆ; ಸಿಗುವುದು ಎರಡು ಮೂರು ವಾರಗಳ ಲೆಕ್ಕ. ಹೆಸರಿನಲ್ಲಿ ಫ್ರಕ್ಟೋಸ್ ಕಂಡು ಹಣ್ಣು ಬಿಡಲು ಹೊರಡಬೇಡಿ. ಅಮಡೋರಿ ಮಾರ್ಪಾಡಿನಲ್ಲಿ ಗ್ಲೂಕೋಸ್ ಫ್ರಕ್ಟೋಸಿನ ರೂಪ ತಾಳುತ್ತದೆ, ಆ ಹೆಸರು ಬಂದದ್ದು ಅದರಿಂದ. ಬಾಳೆಹಣ್ಣಿನ ತಪ್ಪು ಅದರಲ್ಲಿ ಏನೂ ಇಲ್ಲ.