ದೂರ ಒಂದೇ, ಗಂಟೆ ಬೇರೆ

ಹಾಸನದಿಂದ ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಹೋದರೆ ಅರವತ್ತು ಕಿಲೋಮೀಟರು ದಾಟುತ್ತದೆ. ನೇರ ಗೆರೆ ಎಳೆದು ಅಳೆದರೆ ಐವತ್ತರ ಆಸುಪಾಸು. ವಿಮಾನಕ್ಕೆ ಇಂತಹ ತಿರುವುಗಳಿಲ್ಲವಾದ್ದರಿಂದ, ದೂರವನ್ನು ವೇಗದಿಂದ ಭಾಗಿಸಿದರೆ ಪ್ರಯಾಣದ ವೇಳೆ ಸಿಕ್ಕಿಬಿಡುತ್ತದೆ ಎಂದುಕೊಳ್ಳುತ್ತೇವೆ.

ದೂರದ ಲೆಕ್ಕವೇನೋ ಸುಲಭ. ಮೂವತ್ತು ಸೆಂಟಿಮೀಟರ್ ಅಗಲದ ಭೂಗೋಳವೊಂದನ್ನು ಮುಂದಿಟ್ಟುಕೊಂಡು, ಹೂ ಕಟ್ಟುವ ದಾರವನ್ನು ಎರಡು ಊರುಗಳ ನಡುವೆ ಬಿಗಿಯಾಗಿ ಎಳೆದರೆ, ದಾರ ತಾನಾಗಿಯೇ ಅತಿ ಹತ್ತಿರದ ಹಾದಿಯ ಮೇಲೆ ಕೂರುತ್ತದೆ. ಒಂದು ಸೆಂಟಿಮೀಟರಿಗೆ ಸುಮಾರು 425 ಕಿ.ಮೀ. ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಎಳೆದ ದಾರ ಉತ್ತರ ಧ್ರುವದ ಸಮೀಪದಲ್ಲೇ ಹಾಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಅಲ್ಲಿಂದ ಬೆಂಗಳೂರಿಗೆ ಧ್ರುವದ ಮೇಲೆ ಹಾರಿ ಬಂದದ್ದು ಇದೇ ಕಾರಣಕ್ಕೆ. ಗೋಡೆಯ ನಕ್ಷೆಯಲ್ಲಿ ಮಾತ್ರ ಅದು ಅನವಶ್ಯಕ ಸುತ್ತಿನಂತೆ ಕಾಣುತ್ತದೆ.

ವೇಳೆಯ ಲೆಕ್ಕ ಹೀಗೆ ದಾರಕ್ಕೆ ಸಿಕ್ಕುವುದಿಲ್ಲ. ಚಿಲಿಯ ಸ್ಯಾಂಟಿಯಾಗೋದಿಂದ ಪೆಸಿಫಿಕ್ ನಡುವಿನ ಈಸ್ಟರ್ ದ್ವೀಪಕ್ಕೆ ಸುಮಾರು 3,750 ಕಿ.ಮೀ., ಅಂದರೆ ಒಂಬತ್ತು ಸೆಂಟಿಮೀಟರಿನಷ್ಟು ದಾರ. ವಿಮಾನಗಳು ಮುಳ್ಳಯ್ಯನಗಿರಿಯ (1,930 ಮೀಟರ್) ಐದಾರು ಪಟ್ಟು ಎತ್ತರದಲ್ಲಿ ಹಾರುವಾಗ, ಅಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿ ದ್ವೀಪಕ್ಕೆ ಹೋಗುವವರಿಗೆ ಎದುರಾಗಿಯೂ ಮರಳುವವರಿಗೆ ಬೆನ್ನಿಗೂ ಬರುತ್ತದೆ. ಗಾಳಿಯೊಳಗೆ ವಿಮಾನದ ವೇಗ ಗಂಟೆಗೆ 850 ಕಿ.ಮೀ., ಗಾಳಿಯದು 100 ಎಂದಿಟ್ಟುಕೊಳ್ಳೋಣ. ನೆಲದ ಲೆಕ್ಕದಲ್ಲಿ ಹೋಗುವಾಗ 750, ಬರುವಾಗ 950. ಅಂದರೆ ಐದು ಗಂಟೆ, ಮತ್ತು ಮೂರು ಗಂಟೆ ಐವತ್ತೇಳು ನಿಮಿಷ. ಏರಿಳಿಯಲು ಹಿಡಿಯುವ ಹೊತ್ತು ಬೇರೆ. ಗಾಳಿಯೇ ಇಲ್ಲದಿದ್ದರೆ ಎರಡೂ ಸೇರಿ ಎಂಟು ಗಂಟೆ ನಲವತ್ತೊಂಬತ್ತು ನಿಮಿಷವಾಗುತ್ತಿತ್ತು, ಈಗ ಏಳೆಂಟು ನಿಮಿಷ ಹೆಚ್ಚು. ಹೋಗುವಾಗ ಗಾಳಿ ಕಸಿದುಕೊಂಡದ್ದನ್ನು ಬರುವಾಗ ಪೂರ್ತಿ ಹಿಂದಿರುಗಿಸುವುದಿಲ್ಲ, ಏಕೆಂದರೆ ವಿಮಾನ ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ.

ಊರು ಒಂಟಿಯಾದಷ್ಟೂ ಈ ಲೆಕ್ಕ ಬಿಗಿಯಾಗುತ್ತದೆ. ಐದು ಸೆಂಟಿಮೀಟರ್ ದಾರದ ತುದಿಯನ್ನು ಈಸ್ಟರ್ ದ್ವೀಪದ ಮೇಲೆ ಒತ್ತಿ ಹಿಡಿದು ಸುತ್ತಲೂ ತಿರುಗಿಸಿದರೆ, ಅದರೊಳಗೆ ಬೇರೊಂದು ವಿಮಾನ ನಿಲ್ದಾಣ ಬರುವುದಿಲ್ಲ. 1987ರಲ್ಲಿ ನಾಸಾ ಈ ದ್ವೀಪದ ರನ್‌ವೇಯನ್ನು ಉದ್ದ ಮಾಡಿಸಿದ್ದೂ ತನ್ನ ಬಾಹ್ಯಾಕಾಶ ನೌಕೆ ತುರ್ತಾಗಿ ಇಳಿಯಬೇಕಾದೀತು ಎಂದೇ. ಬೇರೆಡೆ ಮಂಜು ಕವಿದರೆ ಪಕ್ಕದ ಊರಿಗೆ ಹೋಗುವಷ್ಟು ಇಂಧನ ಸಾಕು. ಪಕ್ಕದ ಊರೇ ಇಲ್ಲದ ಇಂತಹ ಕಡೆಗೆ ಸುಮಾರು ಎರಡು ಗಂಟೆ ಹಾರುವಷ್ಟು ಇಂಧನವನ್ನು ಮೀಸಲಾಗಿ ಹೊರಬೇಕು, ಆ ಭಾರವನ್ನು ಹೊರಲೂ ಇಂಧನ ಬೇಕು. ದಾರಿಯಲ್ಲಿ ಒಂದು ಬಿಂದುವನ್ನು ದಾಟಿದ ಮೇಲೆ ಹಿಂದಿರುಗಲು ಇಂಧನ ಸಾಲದು, ಆದ್ದರಿಂದ ದ್ವೀಪದ ಹವೆಯನ್ನು ಪೈಲಟ್‌ಗಳು ಅದಕ್ಕೆ ಮೊದಲೇ ವಿಚಾರಿಸಿಕೊಳ್ಳುತ್ತಾರೆ. ಆ ಏಳೆಂಟು ನಿಮಿಷದ ಲೆಕ್ಕ ಇಲ್ಲೂ ಬೆನ್ನು ಬಿಡುವುದಿಲ್ಲ: ಗಾಳಿ ಎದುರಿನದಾಗಲಿ ಬೆನ್ನಿನದಾಗಲಿ, ಹೋಗಿ ಮರಳುವ ಒಟ್ಟು ಹೊತ್ತು ಹೆಚ್ಚುವುದರಿಂದ ಆ ಬಿಂದು ಸರಿಯುವುದು ಹೊರಟ ಊರಿನ ಕಡೆಗೇ.