ಹೂವು ನೆಟ್ಟರೆ ಸಾಕೇ?

ಚಿಟ್ಟೆ ಬೇಕಾ? ಹೂವಿನ ಗಿಡ ನೆಡಿ, ಸಾಕು. ಕಾಡಂಚಿನ ರೆಸಾರ್ಟ್‌ಗಳಲ್ಲಿ ಈ ಮಾತು ಕೇಳಿ ಕೇಳಿ ಬೇಜಾರಾಗಿದೆ. ಹೂವಿಗೆ ಚಿಟ್ಟೆ ಬರುವುದು ಮಕರಂದ ಕುಡಿಯಲು. ಅಲ್ಲೇ ಸಂಸಾರ ಹೂಡಬೇಕಾದರೆ ಎಲೆ ಬೇಕು. ಮರಿಹುಳು ಎಲೆ ತಿಂದೇ ಬೆಳೆಯಬೇಕಲ್ವಾ? ಅದೂ ಸಿಕ್ಕಿದ ಎಲೆ ಅಲ್ಲ.

ಮೊಟ್ಟೆ ಇಡುವ ಮುಂಚೆ ಹೆಣ್ಣು ಚಿಟ್ಟೆ ಎಲೆಯನ್ನು ಮುಂಗಾಲಿನಿಂದ ಪಟಪಟ ಬಡಿಯುತ್ತದೆ. ರುಚಿ ತಿಳಿಯುವ ಕೂದಲುಗಳು ಇರುವುದೇ ಕಾಲಿನಲ್ಲಿ. ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡುತ್ತೇವಲ್ಲ, ಹಾಗೆ. ರುಚಿ ಸರಿ ಎನಿಸದಿದ್ದರೆ ಮುಂದಿನ ಗಿಡ.

ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ಗೆ ಈಶ್ವರ ಬಳ್ಳಿ ಮತ್ತು ಅದರ ನೆಂಟ ಗಿಡಗಳೇ ಆಗಬೇಕು. ಈ ಬಳ್ಳಿ ಅಂಗಳದಲ್ಲಿದ್ದರೆ ಹಾವು ಬರುವುದಿಲ್ಲ ಅನ್ನುವವರಿದ್ದಾರೆ. ಸುಮ್ನೆ ನಂಬಿಕೆ. ನಂಬಿ ಬೆಳೆಸಿದರೆ ಚಿಟ್ಟೆಗೆ ಲಾಭ, ಕಷಾಯ ಮಾತ್ರ ಬೇಡ. 1990ರ ದಶಕದ ಶುರುವಿನಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಇದೇ ಕುಲದ ಚೀನೀ ಗಿಡ ಬೆರೆತ ಔಷಧಿ ತಿಂದ ಹಲವು ಹೆಂಗಸರ ಕಿಡ್ನಿ ಹಾಳಾಯಿತು. ಕಾರಣ ಅರಿಸ್ಟೊಲೊಕಿಕ್ ಆಮ್ಲ. ಬರ್ಡ್‌ವಿಂಗ್ ಮರಿಹುಳು ಆ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳ ಬಾಯಿಂದ ಪಾರಾಗುತ್ತದೆ!

ಈಗ ದಾಂಡೇಲಿಯಿಂದ ಅಣಶಿ ಕಡೆ ಹೋಗುತ್ತಾ ನೋಡಿ. ರಸ್ತೆ ಬದಿಯ ತಗಚೆ ಗಿಡಕ್ಕೆ ಹಳದಿ ಚಿಟ್ಟೆಗಳು, ಎಕ್ಕಕ್ಕೆ ಪ್ಲೇನ್ ಟೈಗರ್, ಮನೆ ಹಿತ್ತಲಿನ ಕರಿಬೇವಿಗೆ ಕಾಮನ್ ಮಾರ್ಮನ್. ನದಿ ದಂಡೆಯ ಒದ್ದೆ ಮರಳಲ್ಲಿ ಗುಂಪು ಕೂತವು ಜಾಸ್ತಿ ಗಂಡುಗಳೇ. ಅವಕ್ಕೆ ಬೇಕಿರುವುದು ಸೋಡಿಯಂ. ಕೂಡುವಾಗ ಅದರಲ್ಲಿ ಒಂದು ಪಾಲು ಹೆಣ್ಣಿಗೆ ಸಿಗುತ್ತದೆ. ಒಳಗಿನ ನೆರಳಲ್ಲಿ ಕಂದು ಬಣ್ಣದ ಬುಷ್‌ಬ್ರೌನ್‌ಗಳು. ಇವು ಹೂವಿಗಿಂತ ಕೊಳೆತ ಹಣ್ಣಿಗೇ ಮುತ್ತುತ್ತವೆ, ಹಾಗಾಗಿ ಹೂದೋಟದಲ್ಲಿ ಕಾದರೆ ಕಾಣುವುದು ಕಷ್ಟ. ನಿತ್ಯಹಸಿರು ಕಾಡಿಗೆ ಹೋದರೆ ಬಿಳಿ ಕಾಗದ ತೇಲಿದಂತೆ ಮಲಬಾರ್ ಟ್ರೀ ನಿಂಫ್.

ಲೆಕ್ಕ ಹಾಕಿದರೆ ದಟ್ಟ ಕಾಡಿಗಿಂತ ಕಾಡಂಚಿನಲ್ಲೇ ಹೆಚ್ಚು ಬಗೆ ಸಿಗುವುದುಂಟು. ಅಲ್ಲಿ ಬಿಸಿಲಿದೆ, ಎರಡೂ ಕಡೆಯವು ಬಂದು ಹೋಗುತ್ತವೆ. ಹಾಗಂತ ಮರ ಕಡಿದು ಬಿಸಿಲು ಬಿಟ್ಟರೆ ಚಿಟ್ಟೆ ಹೆಚ್ಚುತ್ತದೆ ಎಂದು ವಾದಿಸುವವರಿಗೆ ಪಟ್ಟಿಯ ಉದ್ದ ಮಾತ್ರ ಕಾಣುತ್ತಿದೆ. ಪ್ಲೇನ್ ಟೈಗರ್ ಹುಬ್ಬಳ್ಳಿಯ ಖಾಲಿ ಸೈಟಿನಲ್ಲೂ ಸಿಗುತ್ತದೆ. ಟ್ರೀ ನಿಂಫ್‌ಗೆ ಪಶ್ಚಿಮ ಘಟ್ಟದ ಕಾಡು ಬಿಟ್ಟರೆ ಬೇರೆ ನೆಲೆ ಇಲ್ಲವೆಂದೇ ಹೇಳಬೇಕು.