‘ರನ್’ ಅಂದ್ರೆ ಬರೀ ಓಡೋದಾ?

ಮಂಡ್ಯದ ಪದವಿ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ನನ್ನ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಮನೆಯವರ ಬಗ್ಗೆ ನಾಲ್ಕು ಸಾಲು ಬರೆಯಿರಿ ಅಂದರೆ ‘ನಮ್ಮಪ್ಪ ಆಲೆಮನೆ ನಡೆಸುತ್ತಾರೆ’ ಅನ್ನುವ ಕಡೆ ಪೆನ್ನು ನಿಂತುಬಿಡುತ್ತದೆ. ನಡೆ ಅಂದರೆ ‘ವಾಕ್’ ಅಲ್ವಾ ಅಂತ ಕೆಲವರು ಅದನ್ನೇ ಬರೆಯುತ್ತಾರೆ. ಅಲ್ಲಿ ಬೇಕಾದ್ದು ‘ರನ್’ ಅಂತ ಹೇಳಿದ ಕೂಡಲೇ ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತದೆ: ‘ಸಾರ್, ರನ್ ಅಂದ್ರೆ ಓಡೋದು ತಾನೆ?’

ಪ್ರಶ್ನೆ ಸರಿಯಾಗಿಯೇ ಇದೆ. ಚಿಕ್ಕ ಕ್ಲಾಸಿನಿಂದ ಅವರಿಗೆ ಹೇಳಿಕೊಟ್ಟಿರುವುದೇ ಹಾಗೆ. ಹಾಳೆಯ ಮಧ್ಯೆ ಒಂದು ಗೆರೆ, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಒಂದೇ ಒಂದು ಕನ್ನಡ ಅರ್ಥ. ಪುಸ್ತಕ, ಮೇಜು, ಕಿಟಕಿಗೆಲ್ಲ ಈ ಲೆಕ್ಕ ಸಾಕು. ಚಿಕ್ಕ ಕ್ರಿಯಾಪದಗಳಿಗೆ ಖಂಡಿತ ಸಾಲದು.

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಎಂಬ ಪದಕ್ಕೆ. ಆಮೇಲಿನ ಪರಿಷ್ಕರಣೆಯಲ್ಲಿ, 2011ರ ಹೊತ್ತಿಗೆ, ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳನ್ನು ಸಂಪಾದಕರು ಗುರುತಿಸಿದರು. ಈ ಸಂಖ್ಯೆ ಕೇಳಿ ಹುಡುಗರು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಅಷ್ಟನ್ನೂ ಯಾರೂ ಬಾಯಿಪಾಠ ಮಾಡಿಲ್ಲ, ಇಂಗ್ಲೆಂಡಿನಲ್ಲಿ ಹುಟ್ಟಿದವರೂ ಮಾಡಿಲ್ಲ.

ಈ ಪದದ ಬೇರು ನೋಡಿದರೆ ಅರ್ಧ ಕಷ್ಟ ಕಳೆಯುತ್ತದೆ. ಹಳೆಯ ಇಂಗ್ಲಿಷಿನಲ್ಲೇ ಇದು ಮನುಷ್ಯ ಓಡುವುದಕ್ಕೂ ನೀರು ಹರಿಯುವುದಕ್ಕೂ ಬಳಕೆಯಾಗುತ್ತಿತ್ತು. ಇದರ ಬಳಗದ ಜರ್ಮನ್ ಪದ ‘ರಿನ್ನೆನ್’ ಇವತ್ತಿಗೂ ಹರಿಯುವುದನ್ನೇ ಹೇಳುತ್ತದೆ. ಅಂದರೆ ಕಾಲಿನ ಓಟ ಇದರ ಒಂದು ಮುಖ ಮಾತ್ರ. ಶುರುವಾದದ್ದು ನಿಲ್ಲದೆ ಮುಂದೆ ಸಾಗುತ್ತಿರುವುದು ಇದರ ಒಳಗಿನ ಭಾವ. ವಿ.ಸಿ. ನಾಲೆಯಲ್ಲಿ ನೀರು ಸಾಗುವುದೂ ರನ್, ತೋಟದ ಪಂಪ್‌ಸೆಟ್ ಓಡುವುದೂ ರನ್, ಆಲೆಮನೆ ನಡೆಯುವುದೂ ರನ್. ರೈಲು, ಕಾರ್ಖಾನೆ, ಯಂತ್ರಗಳು ಬಂದ ಕಾಲಕ್ಕೆ ಈ ಪದಕ್ಕೆ ಕೆಲಸ ತುಂಬಾ ಜಾಸ್ತಿಯಾಯಿತು. ಕಂಪ್ಯೂಟರ್ ಬಂದ ಮೇಲೆ ಪ್ರೋಗ್ರಾಮೂ ‘ರನ್’ ಆಗತೊಡಗಿತು.

ನಮಗೆ ತೊಡಕಾಗುವುದು ಯಾಕೆ ಅಂದರೆ, ಇಂಗ್ಲಿಷ್ ಒಂದೇ ಪದದಲ್ಲಿ ಮುಗಿಸುವುದನ್ನು ಕನ್ನಡ ಹಲವು ಪದಗಳಿಗೆ ಹಂಚಿಕೊಟ್ಟಿದೆ. ಕೆಲವು ಕಡೆ ಎರಡೂ ಜೊತೆಯಲ್ಲೇ ಹೋಗುತ್ತವೆ. ಬಸ್ಸು ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ. ಅಲ್ಲಿ ಏನೂ ಯೋಚನೆ ಬೇಡ. ಆದರೆ ನೆಗಡಿಯಾದರೆ ನಮ್ಮ ಮೂಗು ಸುರಿಯುತ್ತದೆ, ಅವರದು ‘ರನ್’ ಆಗುತ್ತದೆ. ಹೊಸ ಬಟ್ಟೆ ನೆನೆಸಿದರೆ ನಮ್ಮಲ್ಲಿ ಬಣ್ಣ ಬಿಡುತ್ತದೆ, ಅವರಲ್ಲಿ ಬಣ್ಣವೂ ‘ರನ್’. ಸಕ್ಕರೆ ಕಾಯಿಲೆ ಅವರ ಮನೆತನದಲ್ಲೇ ಇದೆ ಅಂತ ನಾವು ಹೇಳುವುದು ಅವರ ಬಾಯಲ್ಲಿ ‘ರನ್ಸ್ ಇನ್ ದ ಫ್ಯಾಮಿಲಿ’. ನನಗೆ ಬಹಳ ಇಷ್ಟವಾದದ್ದು ಚುನಾವಣೆಯ ಮಾತು. ಅಮೆರಿಕದವರು ಎಲೆಕ್ಷನ್ನಿಗೆ ‘ರನ್’ ಮಾಡುತ್ತಾರೆ. ಬ್ರಿಟಿಷರು ಅಲ್ಲಿ ‘ಸ್ಟ್ಯಾಂಡ್’ ಬಳಸುತ್ತಾರೆ. ನಮ್ಮ ತಾಲ್ಲೂಕಿನಲ್ಲೂ ಜನ ಓಟಿಗೆ ನಿಲ್ಲುತ್ತಾರೆ.

‘ಒಂದೇ ಪದಕ್ಕೆ ಇಷ್ಟೊಂದು ಅರ್ಥ ಇಟ್ಟರೆ ನಾವು ಕಲಿಯೋದು ಹೇಗೆ ಸಾರ್’ ಅಂತ ಕೇಳಿದಾಗ ನಾನು ಬೋರ್ಡಿನ ಮೇಲೆ ‘ಹಾಕು’ ಅಂತ ಬರೆಯುತ್ತೇನೆ. ರಂಗೋಲಿ ಹಾಕು, ಒಗ್ಗರಣೆ ಹಾಕು, ಗೊಬ್ಬರ ಹಾಕು, ಅರ್ಜಿ ಹಾಕು, ಓಟು ಹಾಕು. ಉದಾಹರಣೆ ಅವರೇ ಕೊಡುತ್ತಾ ಹೋಗುತ್ತಾರೆ, ಬೋರ್ಡು ತುಂಬುತ್ತದೆ. ಬಾಗಿಲು ಹಾಕು ಅಂದರೆ ಮುಚ್ಚಬೇಕು. ಫ್ಯಾನ್ ಹಾಕು ಅಂದರೆ ಶುರು ಮಾಡಬೇಕು. ಪದ ಒಂದೇ, ಕೆಲಸ ಉಲ್ಟಾ. ‘ತೆಗಿ’ ಕೂಡ ಹಾಗೇ. ಬಾಗಿಲು ತೆಗೆದರೆ ಅದು ಅಲ್ಲೇ ಇರುತ್ತದೆ, ಬೀರುವಿನಿಂದ ಬಟ್ಟೆ ತೆಗೆದರೆ ಅದು ಅಲ್ಲಿರುವುದಿಲ್ಲ. ಈ ವ್ಯತ್ಯಾಸವನ್ನು ಅವರಿಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ಪಕ್ಕದಲ್ಲಿ ಬರುವ ಪದವನ್ನು ಕೇಳಿಸಿಕೊಂಡೇ ಅರ್ಥ ಹಿಡಿದಿದ್ದಾರೆ. ಇಷ್ಟು ದೊಡ್ಡ ಶಕ್ತಿ ಇರುವ ಮಕ್ಕಳಿಗೆ ‘ನಿಮಗೆ ಭಾಷೆ ಬರಲ್ಲ’ ಅಂತ ಹೇಳುವುದು ಅನ್ಯಾಯ. ಇದನ್ನು ನಾನು ಕಟುವಾಗಿಯೇ ಹೇಳುತ್ತೇನೆ.

ಜೆ. ಆರ್. ಫರ್ತ್ ಎಂಬ ಇಂಗ್ಲಿಷ್ ಭಾಷಾವಿಜ್ಞಾನಿ ಒತ್ತಿ ಹೇಳಿದ್ದೂ ಇದನ್ನೇ: ಪದ ಏನೆಂದು ತಿಳಿಯಬೇಕಾದರೆ ಅದರ ಸಹವಾಸ ನೋಡಬೇಕು. 1957ರ ಬರಹ ಅದು. ಲಂಡನ್ನಿನಲ್ಲಿ ಹೆಸರು ಮಾಡುವ ಮೊದಲು ಅವರು ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟನ್ನು ತೆರೆದು ನೋಡಿ, ಅಲ್ಲೂ ಅರ್ಥದ ಜೊತೆಗೆ ಪ್ರಯೋಗದ ಸಾಲು ಇರುತ್ತದೆ. ಅದರ ಪ್ರಧಾನ ಸಂಪಾದಕರಾಗಿದ್ದ ಜಿ. ವೆಂಕಟಸುಬ್ಬಯ್ಯನವರು ವೃತ್ತಿಯ ಶುರುವಿನಲ್ಲಿ ನಮ್ಮ ಮಂಡ್ಯದ ಶಾಲೆಯಲ್ಲೇ ಮೇಷ್ಟ್ರಾಗಿದ್ದರು.

ಹಾಗಾಗಿ ನೋಟ್‌ಬುಕ್ಕಿನ ಮಧ್ಯದ ಗೆರೆಯನ್ನು ಕೈಬಿಡಿ ಅಂತ ನಾನು ಹೇಳುತ್ತೇನೆ. ‘ರನ್’ ಅಂತ ಒಂಟಿಯಾಗಿ ಬರೆಯಬೇಡಿ. ‘ರನ್ ಎ ಶಾಪ್’ ಅಂತ ಬರೆಯಿರಿ, ಮುಂದೆ ‘ಅಂಗಡಿ ನಡೆಸು’ ಅಂತ ಬರೆಯಿರಿ. ಅದರ ಕೆಳಗೇ ‘ರನ್ ಟು ದ ಶಾಪ್’. ಈಗ ಅಂಗಡಿಗೆ ಓಡಬೇಕು. ನಡುವಿನ ಚಿಕ್ಕ ಪದ ಅರ್ಥವನ್ನೇ ಬದಲಾಯಿಸಿತು. ಕ್ರಿಕೆಟ್‌ನಿಂದ ‘ರನ್ ಔಟ್’ ಎಲ್ಲರಿಗೂ ಗೊತ್ತು, ಆದರೆ ಅಡುಗೆಮನೆಯಲ್ಲಿ ಸಕ್ಕರೆ ‘ರನ್ ಔಟ್’ ಆಯಿತು ಅಂದರೆ ಡಬ್ಬ ಖಾಲಿ. ‘ರನ್ ಇನ್‌ಟು’ ಅಂದರೆ ಸಂತೆಯಲ್ಲಿ ಹಳೆಯ ಗೆಳೆಯ ಅಚಾನಕ್ಕಾಗಿ ಸಿಗುವುದೂ ಆಗಬಹುದು, ಬೈಕು ಕಂಬಕ್ಕೆ ಗುದ್ದುವುದೂ ಆಗಬಹುದು. ಇಲ್ಲಿ ಚಿಕ್ಕ ಪದವೂ ಸಾಲದು, ಮುಂದೆ ಗೆಳೆಯ ಬಂದನೋ ಕಂಬ ಬಂತೋ ನೋಡಬೇಕು. ಆಮೇಲೆ ‘ಗೆಟ್’, ‘ಟೇಕ್’, ‘ಪುಟ್’ ಪದಗಳಿಗೂ ಇದೇ ರೀತಿ ಒಂದೊಂದು ಪುಟ ಬಿಡಿ. ಪಾಠದಲ್ಲೋ ಪೇಪರಿನಲ್ಲೋ ಹೊಸ ಜೋಡಿ ಕಂಡಾಗಲೆಲ್ಲ ಅಲ್ಲಿಗೆ ಸೇರಿಸಿ, ಜೊತೆಗೆ ನಿಮ್ಮದೇ ಮನೆಯ, ನಿಮ್ಮದೇ ಊರಿನ ಒಂದು ವಾಕ್ಯ ಬರೆಯಿರಿ.